ವೀಸಾ 10 ವರ್ಷ, ವಾಸ 6 ತಿಂಗಳು
ಮಗಳ ಬಾಣಂತನಕ್ಕೆಂದು ಮನೆಗೆ ಬೀಗ ಹಾಕಿ ಅಮೆರಿಕಕ್ಕೆ ಹೋಗುವ ಹಿರಿಯರು ನಮ್ಮ ದೇರೆಬೈಲಿನಲ್ಲೂ ಇದ್ದಾರೆ. ಅವರಿಗೊಂದು ಮಾತು.

ವೀಸಾ 10 ವರ್ಷದ್ದಾದರೂ ಅಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವುದು ಐ-94 ದಾಖಲೆ. ಸಾಮಾನ್ಯವಾಗಿ 6 ತಿಂಗಳು. ಮೊಮ್ಮಗುವನ್ನು ಬಿಟ್ಟು ಬರಲು ಮನಸ್ಸಾಗದಿದ್ದರೆ, ಆ ಗಡುವಿಗೆ ಕನಿಷ್ಠ 45 ದಿನ ಮೊದಲೇ ವಾಸ ವಿಸ್ತರಣೆಗೆ ಐ-539 ಅರ್ಜಿ ಹಾಕಿ. ನಿಜವಾದ ಕಾರಣ ಬರೆಯಿರಿ. ಖರ್ಚಿಗೆ ಹಣವಿದೆ, ಊರಿಗೆ ಮರಳುತ್ತೇವೆ ಎಂಬುದಕ್ಕೆ ದಾಖಲೆ ಕೊಡಿ.

ಅರ್ಜಿಯಿಲ್ಲದೆ ಗಡುವು ಮೀರಿದರೆ ಆ ವೀಸಾ ರದ್ದು. ಗಡುವಿನ ನಂತರ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ 3 ವರ್ಷ, ವರ್ಷ ತುಂಬಿದರೆ 10 ವರ್ಷ ಪ್ರವೇಶವಿಲ್ಲ.

ಮಕ್ಕಳೇ, ಅಪ್ಪ ಅಮ್ಮ ಬಂದಿಳಿದ ದಿನವೇ ಐ-94ರಲ್ಲಿರುವ ಗಡುವಿನ ತಾರೀಕು ನೋಡಿಡಿ. ಆ ವಯಸ್ಸಿಗೆ 3 ವರ್ಷವೂ ಬಹಳ ದೊಡ್ಡದು.