ಹಾವೇರಿಯಿಂದ ರಾಣೇಬೆನ್ನೂರಿಗೆ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿಯ ರೈಲಿನಲ್ಲಿ ಹೊರಟವರು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ನಿದ್ದೆಯಲ್ಲಿಯೇ ದಾಟಿಬಿಡುತ್ತಾರೆ. ನಾವೂ ಎಷ್ಟೋ ವರ್ಷ ಹಾಗೆಯೇ ದಾಟಿದವರು. ಈ ಸಲ ಹಾಗಾಗಲಿಲ್ಲ. ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಅಕ್ಕ ಹೇಳಿಕಳಿಸಿದ್ದಳು. ಮಗ ಹೊಲವನ್ನು ಮಾರಿ ಬೆಂಗಳೂರು ಸೇರುವ ಮಾತನಾಡುತ್ತಿದ್ದಾನೆ, ಸೋದರಮಾವನಾದ ನೀನು ಬಂದು ನಾಲ್ಕು ಮಾತು ಹೇಳು ಎಂಬುದು ಅವಳ ಕರೆ. ಹೇಳುವುದಕ್ಕಿಂತ ಮೊದಲು ನೋಡುವುದು ಲೇಸೆಂದು, ಮಾಘಮಾಸದ ಒಂದು ನಸುಕಿನಲ್ಲಿ ಸಹಧರ್ಮಿಣಿಯೊಡನೆ ಹಾವೇರಿ ನಿಲ್ದಾಣದಲ್ಲಿ ಇಳಿದೆವು.

ಹಾವೇರಿಯನ್ನು ಏಲಕ್ಕಿ ಕಂಪಿನ ನಗರವೆನ್ನುವರು. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದನ್ನು ಇಲ್ಲಿಗೆ ತಂದು, ಈ ಊರಿನ ಬಾವಿಯ ನೀರಿನಲ್ಲಿ ತೊಳೆದು ಬಿಳುಪುಗೊಳಿಸಿ ಮಾರುವುದು ಹಿಂದಿನವರ ವ್ಯಾಪಾರವಾಗಿತ್ತು. ಬೇರೆಯವರ ಬೆಳೆಗೆ ತನ್ನ ನೀರಿನ ಹೊಳಪು ಕೊಟ್ಟು ಹೆಸರು ಗಳಿಸಿದ ಊರಿದು. ಆ ವ್ಯಾಪಾರ ಇಳಿದರೂ ಏಲಕ್ಕಿಯ ಹಾರ ಉಳಿದಿದೆ. ಕಾಯಿಗಳನ್ನು ಒಂದೊಂದಾಗಿ ಆರಿಸಿ ಪೋಣಿಸಿ, ಬಣ್ಣದ ದಾರದ ಕುಚ್ಚು ಕಟ್ಟಿ ಸಿದ್ಧಪಡಿಸುವ ಈ ಹಾರಗಳು ಸಭೆ ಸಮಾರಂಭಗಳಿಗೆ ನಾಡಿನಾದ್ಯಂತ ಹೋಗುತ್ತವೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ. ಇದು ವರ್ಷಗಟ್ಟಲೆ ದೇವರ ಕೋಣೆಯಲ್ಲಿ ಕಂಪು ಬೀರುತ್ತದೆ.

ಹುಕ್ಕೇರಿಮಠದ ಗದ್ದುಗೆಗೆ ನಮಸ್ಕರಿಸಿ, ಪುರದ ಸಿದ್ಧೇಶ್ವರನ ಗುಡಿಗೆ ನಡೆದೆವು. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ, ಪಶ್ಚಿಮಕ್ಕೆ ಮುಖಮಾಡಿದೆ. ಬಳಪದ ಕಲ್ಲಿನಲ್ಲಿ ಕೊರೆದ ಕಂಬಗಳು ಇಂದಿಗೂ ಕನ್ನಡಿಯಂತೆ ನುಣುಪು. ಇಳಿಬಿಸಿಲಿನಲ್ಲಿ ಬಂದರೆ ಬೆಳಕು ಒಳಗಿನವರೆಗೆ ಬರುತ್ತದೆ ಎಂದು ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು.

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯ ಕೇಂದ್ರವಾಯಿತು. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿಯೇ ನಡೆಯಿತು. ಕನಕದಾಸರ ಕಾಗಿನೆಲೆ, ಶಿಶುನಾಳ ಶರೀಫರ ನೆಲೆ, ಏಕಾಂತದ ರಾಮಯ್ಯನ ಅಬ್ಬಲೂರು, ಎಲ್ಲವೂ ಈ ಜಿಲ್ಲೆಯವೇ. ಆದರೆ ಈ ಊರಿನ ನೆನಪಿನಲ್ಲಿ ನೋವಿನ ಪುಟವೂ ಒಂದಿದೆ. 2008ರ ಜೂನ್ 10ರಂದು, ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಗೊಬ್ಬರದ ಚೀಲಕ್ಕಾಗಿ ಮನೆಯಿಂದ ಹೊರಟವರು ಮರಳಿ ಬರಲಿಲ್ಲ. ಒಕ್ಕಲುತನದ ನಾಡಿನಲ್ಲಿ ಮಳೆ ತಡವಾದರೆ ದೇವರಿಗೆ ಮೊರೆಯಿಡಬಹುದು. ಗೊಬ್ಬರ ತಡವಾದರೆ ಯಾರಿಗೆ ಮೊರೆಯಿಡುವುದು?

ಹಾವೇರಿಯಿಂದ ಬ್ಯಾಡಗಿಗೆ ಹೋಗುವ ಬಸ್ಸು ಹೆದ್ದಾರಿಯಲ್ಲಿ ಮೋಟೆಬೆನ್ನೂರಿಗೆ ಬಂದು ತಿರುಗುತ್ತದೆ. ಆ ತಿರುವಿನಲ್ಲಿ ನಮ್ಮ ಕೈಗಳು ತಾವಾಗಿಯೇ ಮುಗಿದವು. 1911ರಲ್ಲಿ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು ಈ ಊರಿನಲ್ಲಿ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗ ಅವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರಕಾರ ಸಂಗ್ರಹಿಸಿದ್ದ ಕಂದಾಯದ ಹಣಕ್ಕೆ ಮುತ್ತಿಗೆ ಹಾಕಿದಾಗ, ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೊಡನೆ ಗುಂಡಿಗೆ ಬಲಿಯಾದರು. ಆಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ರೈತನ ದುಡಿಮೆಯ ಹಣ ಪರರ ಪಾಲಾಗಬಾರದೆಂಬ ಕಿಚ್ಚು ಆ ಮೂವರದು.

ಬ್ಯಾಡಗಿ ಬರುವುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅಂದು ಸೋಮವಾರ, ಪೇಟೆಯ ದಿನ. ಮಾರುಕಟ್ಟೆಯ ಪ್ರಾಂಗಣದಲ್ಲಿ ಕಣ್ಣು ಹಾಯುವವರೆಗೂ ಚೀಲಗಳು, ಚೀಲಗಳ ಬಾಯಿಯಲ್ಲಿ ಕಡುಗೆಂಪು. ಸಹಧರ್ಮಿಣಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾವು ಧೈರ್ಯ ತೋರಿಸಹೋಗಿ ಐದು ಬಾರಿ ಸೀನಿದೆವು.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಉದ್ದನೆಯ ಕಡ್ಡಿ, ಗಿಡ್ಡನೆಯ ಡಬ್ಬಿ. ಸುಕ್ಕುಗಟ್ಟಿದ ಮೈ, ಗಾಢವಾದ ಬಣ್ಣ, ಮಿತವಾದ ಖಾರ ಇದರ ಗುಣ. ಅಡುಗೆಮನೆಯಲ್ಲಿ ಸಾರಿಗೆ ಬಣ್ಣ ಕೊಡುವ ಇದೇ ಕಾಯಿಯಿಂದ ತೆಗೆದ ಕೆಂಪು ಸತ್ವ ಆಹಾರದ ಉದ್ಯಮಗಳಿಗೂ ತುಟಿಬಣ್ಣದ ತಯಾರಿಕೆಗೂ ಹೋಗುತ್ತದೆ, ಹೊರದೇಶಗಳನ್ನೂ ತಲುಪುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ವಿಪರ್ಯಾಸವೆಂದರೆ, ಬ್ಯಾಡಗಿಯ ಪೇಟೆಗೆ ಬರುವ ಕಾಯಿಯ ದೊಡ್ಡ ಪಾಲು ಇಂದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳವೇ ಹೆಚ್ಚಾಗಿದೆ. ಮುಟುರು ರೋಗ ತಗುಲಿದರೆ ಎಲೆ ಮುದುಡಿ ಗಿಡ ಸೊರಗುತ್ತದೆ. ಮಳೆಯಾಶ್ರಿತ ಬೆಳೆ ಒಮ್ಮೆ ಕೈಕೊಟ್ಟರೆ ಸಾಲ ಮನೆ ಹೊಕ್ಕುತ್ತದೆ. ನಮ್ಮ ಅಳಿಯನಿಗೂ ಆದದ್ದು ಅದೇ.

ಪೇಟೆಯ ರೀತಿಯನ್ನು ಅವನೇ ತೋರಿಸಿದನು. ರೈತರು ಹಿಂದಿನ ರಾತ್ರಿಯೇ ಮಾಲು ತಂದು ದಲಾಲಿ ಅಂಗಡಿಯ ಮುಂದೆ ಇಳಿಸುವರು. ಖರೀದಿದಾರರು ಲಾಟಿನಿಂದ ಲಾಟಿಗೆ ನಡೆದು, ಕಾಯಿ ಮುರಿದು, ಬಣ್ಣ ನೋಡಿ, ತೇವ ಅಂದಾಜಿಸಿ ಟೆಂಡರಿನಲ್ಲಿ ಬೆಲೆ ನಮೂದಿಸುವರು. ಬೆಲೆ ಹೊರಬೀಳುವವರೆಗೆ ರೈತ ತನ್ನ ಚೀಲಕ್ಕೊರಗಿ ಕಾಯಬೇಕು. ಎಂಟು ತಿಂಗಳ ದುಡಿಮೆಗೆ ಒಂದು ಮಧ್ಯಾಹ್ನ ತೀರ್ಪು ಕೊಡುತ್ತದೆ. 2024ರ ಮಾರ್ಚ್ 11ರಂದು ಬೆಲೆ ಒಮ್ಮೆಲೆ ಕುಸಿಯಿತೆಂದು ಸಿಟ್ಟಿಗೆದ್ದ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟಿತು. ಬೆಂಕಿ ಹಚ್ಚುವುದನ್ನು ಯಾರೂ ಒಪ್ಪಲಾರರು. ಆದರೆ ಆ ಸಿಟ್ಟು ಎಲ್ಲಿಂದ ಬಂತೆಂಬುದು, ಚೀಲಕ್ಕೊರಗಿ ಕುಳಿತವರ ಮುಖಗಳನ್ನು ನೋಡಿದವರಿಗೆ ಅರ್ಥವಾಗದೆ ಇರದು. ಪಕ್ಕದ ಗೋದಾಮಿನ ನೆರಳಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಅವರ ಬೆರಳುಗಳ ಉರಿಯನ್ನು ಯಾವ ಟೆಂಡರೂ ಅಳೆಯುವುದಿಲ್ಲ.

ಆ ರಾತ್ರಿ ಅಕ್ಕನ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ. ಊಟವಾದ ಮೇಲೆ ಅಳಿಯ ಮಾತೆತ್ತಿದನು: "ಮಾಮಾ, ಹೊಲ ಇಟಗೊಂಡು ಏನ್ ಮಾಡೂದು? ನೀವ ಹೇಳ್ರಿ." ನಾವು ಉತ್ತರ ಹುಡುಕುತ್ತಿರುವಾಗಲೇ ಅಕ್ಕ ಒಳಗಿನಿಂದ ಮಣ್ಣಿನ ಗಡಿಗೆಯೊಂದನ್ನು ತಂದಳು. ಒಳಗೆ ಬೂದಿ ಬೆರೆಸಿ ಇಟ್ಟ ಡಬ್ಬಿಕಾಯಿಯ ಬೀಜ. ಅತ್ತೆಯಿಂದ ಬಂದದ್ದು, ವರ್ಷ ವರ್ಷವೂ ಒಳ್ಳೆಯ ಗಿಡದ ಕಾಯಿಯಿಂದ ಆರಿಸಿ ಉಳಿಸಿಕೊಂಡದ್ದು. "ತಮ್ಮಾ, ಬೀಜ ಮನ್ಯಾಗಿದ್ರ ಹೊಲ ನಮ್ದು ಅನ್ನಸ್ತೈತಿ. ಹೊಲಾ ಮಾರಿದ್ರ ಈ ಗಡಗಿ ಎಲ್ಲಿ ಇಡ್ಲಿ?" ಎಂದು ಕೇಳಿ ಸುಮ್ಮನಾದಳು.

ಮರುದಿನ ಅಳಿಯನೊಡನೆ ರಾಣೇಬೆನ್ನೂರಿಗೆ ಹೋದೆವು. ಜಿಲ್ಲಾ ಕೇಂದ್ರ ಹಾವೇರಿಯಾದರೂ ದೊಡ್ಡ ಊರು ಇದೇ: 2011ರ ಜನಗಣತಿಯಲ್ಲಿ ಹಾವೇರಿಯಲ್ಲಿ ಸುಮಾರು 67 ಸಾವಿರ ಜನ, ಇಲ್ಲಿ 1 ಲಕ್ಷ 6 ಸಾವಿರ. ಇದು ಬೀಜದ ವ್ಯಾಪಾರದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ, ಟೊಮೆಟೊ, ಬೆಂಡೆ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜ ತಯಾರಾಗುತ್ತದೆ. ಅರಳಲಿರುವ ಮೊಗ್ಗಿನ ಕೇಸರಗಳನ್ನು ಮುಂಚಿತವಾಗಿ ಬಿಡಿಸಿ ಗುರುತು ಕಟ್ಟಿ, ಮರುದಿನ ಬೇರೊಂದು ತಳಿಯ ಪರಾಗವನ್ನು ಕೈಯಿಂದ ಮುಟ್ಟಿಸಬೇಕು. ಹೂವು ಹೂವಿಗೂ ಇದೇ ಕೆಲಸ. ಇಳುವರಿ ಹೆಚ್ಚು, ಕೂಲಿಯೂ ಹೆಚ್ಚು. ಆದರೆ ಆ ಬೀಜ ಬಿತ್ತಿ ಬೆಳೆದ ಕಾಯಿಯಿಂದ ಮತ್ತೆ ಬೀಜ ಹಿಡಿದರೆ ಗುಣ ಉಳಿಯದು. ಪ್ರತಿವರ್ಷ ಅಂಗಡಿಗೇ ಬರಬೇಕು. ಅಂಗಡಿಯ ಮುಂದೆ ನಿಂತು ಅಳಿಯ ಪೊಟ್ಟಣದ ಬೆಲೆ ವಿಚಾರಿಸಿದನು, ಮತ್ತೆ ಮಾತನಾಡಲಿಲ್ಲ. ಅವನಿಗೆ ಗಡಿಗೆ ನೆನಪಾಗಿರಬೇಕು.

ಊರ ಹೊರಗೆ 1974ರಲ್ಲಿ ಸ್ಥಾಪನೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗಗಳ ಅಭಯಾರಣ್ಯವಿದೆ. ಇದೇ ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. 1904ರಲ್ಲಿ ವೀರಶೈವ ಮಹಾಸಭೆಗೂ 1909ರಲ್ಲಿ ಶಿವಯೋಗಮಂದಿರಕ್ಕೂ ಅಡಿಗಲ್ಲಿಟ್ಟ ಆ ಪುಣ್ಯಪುರುಷರು ಹಳ್ಳಿಯ ಬಡತನವನ್ನು ಕಂಡುಂಡವರೇ.

ಇಳಿಹೊತ್ತಿಗೆ ಚೌಡಯ್ಯದಾನಪುರ ಸೇರಿದೆವು. ತುಂಗಭದ್ರೆಯ ದಡದಲ್ಲಿ ಮುಕ್ತೇಶ್ವರನ ಗುಡಿ. ಅಂಬಿಗರ ಚೌಡಯ್ಯನವರ ಐಕ್ಯಸ್ಥಳವೂ ಇಲ್ಲಿಯೇ ಎಂದು ಭಕ್ತರು ನಂಬುತ್ತಾರೆ. ದೋಣಿ ನಡೆಸುವ ಕಾಯಕದಿಂದಲೇ ಶರಣರ ಸಾಲಿನಲ್ಲಿ ನಿಂತು, ನೇರ ನುಡಿಗೆ ಹೆಸರಾದವರು ಅವರು. ಕಾಯಕ ದೊಡ್ಡದೆಂದು ನಾವು ವೇದಿಕೆಗಳಲ್ಲಿ ಸುಲಭವಾಗಿ ಹೇಳುತ್ತೇವೆ. ದುಡಿದವನಿಗೆ ನ್ಯಾಯವಾದ ಬೆಲೆ ಬಾರದಿದ್ದರೆ ಆ ಮಾತನ್ನು ಅವನೆದುರು ಹೇಳುವ ನಾಲಗೆ ನಮಗಿದೆಯೇ ಎಂದು ಆ ದಡದಲ್ಲಿ ನಮ್ಮನ್ನೇ ಕೇಳಿಕೊಂಡೆವು. ಅಳಿಯನಿಗೆ ಉಪದೇಶ ಮಾಡಲು ಬಂದವರು ಅದನ್ನು ಅಲ್ಲಿಗೇ ಬಿಟ್ಟೆವು.

ಬಸ್ಸು ಹತ್ತಿಸಲು ಬಂದಾಗ ಅವನೇ ಹೇಳಿದನು: "ಈ ವರ್ಷ ಎರಡ ಎಕರೆ ಗ್ವಾಂಜಾಳ ಹಾಕ್ತೇನ್ರಿ. ಅರ್ಧ ಎಕರೆ ಅವ್ವನ ಬೀಜ. ಮುಂದಿಂದು ಮುಂದ ನೋಡೂಣು." ಊರಿಗೆ ಮರಳುವಾಗ ನಮ್ಮ ಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ಒಂದು ಸೇರು ಡಬ್ಬಿಕಾಯಿ ಇತ್ತು. ಓದುಗ ಬಂಧುಗಳೇ, ಇನ್ನೊಮ್ಮೆ ಆ ದಾರಿಯಲ್ಲಿ ಹೋಗುವಾಗ ತಾವೂ ಅಲ್ಲಿ ಇಳಿಯಿರಿ. ಮೆಣಸಿನಕಾಯಿ ಕೊಳ್ಳುವಾಗ ಬೆಳೆದವನಿಗೆ ಎಷ್ಟು ಬಂತೆಂದು ಒಂದು ಮಾತು ಕೇಳಿರಿ.