ಲಕೋಟೆಯ ಮೇಲಿನ ವಿಳಾಸ

2019ರ ಮಳೆಗಾಲದ ಒಂದು ರಾತ್ರಿ. ದುಬೈಯಲ್ಲಿರುವ ಅಕ್ಕನ ಮಗ ವಾಟ್ಸ್ಆ್ಯಪ್‌ನಲ್ಲಿ ವೀಡಿಯೊ ಕರೆ ಮಾಡಿದ್ದ. ಐದು ನಿಮಿಷವೂ ಆಗಿರಲಿಲ್ಲ, ಅವನ ಮುಖ ತೆರೆಯ ಮೇಲೆ ನಿಂತುಬಿಟ್ಟಿತು. “ವಿಪಿಎನ್ ಕಟ್ ಆಯ್ತು ಅಮ್ಮಾ, ಮತ್ತೆ ಮಾಡ್ತೇನೆ” ಎಂಬ ಸಂದೇಶ ಬಂತು. ಅಕ್ಕ ನನ್ನತ್ತ ತಿರುಗಿ, “ಅದೆಂಥದು ಮಾರಾಯ? ಮಗ ತಾಯಿಯ ಹತ್ತಿರ ಮಾತಾಡ್ಲಿಕ್ಕೆ ಅದು ಯಾಕೆ ಬೇಕು?” ಎಂದಳು.

ಯುಎಇಯಲ್ಲಿ ಆಗ ವಾಟ್ಸ್ಆ್ಯಪ್ ಕರೆಗೆ ತಡೆಯಿತ್ತು. ಪರವಾನಗಿ ಪಡೆದ ಕೆಲವು ಆ್ಯಪ್‌ಗಳಲ್ಲಿ ಮಾತನಾಡಬಹುದಿತ್ತು. ಅದಕ್ಕೆ ತಿಂಗಳ ಶುಲ್ಕ. ಸಣ್ಣ ಸಂಬಳದ ಹುಡುಗರು ಪುಕ್ಕಟೆ ವಿಪಿಎನ್ ಹಾಕಿಕೊಂಡು ಊರಿನವರ ಮುಖ ನೋಡುತ್ತಿದ್ದರು.

ಅಕ್ಕನಿಗೆ ನಾನು ಭಾವನ ಹಳೆಯ ಪತ್ರಗಳನ್ನು ನೆನಪಿಸಿದೆ. ಗಲ್ಫ್‌ನಿಂದ ಬರುತ್ತಿದ್ದ ಆ ಲಕೋಟೆಗಳ ಮೇಲೆ ಅವರ ವಿಳಾಸವೂ ಇರುತ್ತಿತ್ತು. ಇಲ್ಲದಿದ್ದರೆ ನಾವು ಉತ್ತರ ಬರೆಯುವುದು ಎಲ್ಲಿಗೆ? ಇಂಟರ್ನೆಟ್‌ನಲ್ಲಿ ಐಪಿ ವಿಳಾಸ ಎಂದರೆ ಅದೇ. ನಾವು ತೆರೆಯುವ ಪ್ರತಿಯೊಂದು ತಾಣಕ್ಕೂ ಅದು ತಲುಪುತ್ತದೆ. ಅದರಿಂದ ನಮ್ಮ ಸಂಪರ್ಕ ಯಾವ ಕಂಪೆನಿಯದು, ಸುಮಾರಾಗಿ ಯಾವ ಊರಿನದು ಎಂದು ತಿಳಿಯುತ್ತದೆ. ಆ ಕಂಪೆನಿಯ ದಾಖಲೆ ಸಿಕ್ಕರೆ ಮನೆಯ ಬಾಗಿಲೂ ಸಿಗುತ್ತದೆ. ವಿಪಿಎನ್ ನಮ್ಮ ಪತ್ರವನ್ನು ಇನ್ನೊಂದು ಲಕೋಟೆಯಲ್ಲಿ ಮುಚ್ಚಿ ನಡುವಿನ ಒಬ್ಬನಿಗೆ ಕಳುಹಿಸುತ್ತದೆ. ಆತ ಅದನ್ನು ತನ್ನ ವಿಳಾಸದಿಂದ ಮುಂದೆ ಸಾಗಿಸುತ್ತಾನೆ.

“ಹಾಗಾದರೆ ಆ ನಡುವಿನವನಿಗೆ ಎಲ್ಲ ಗೊತ್ತಾಗುವುದಿಲ್ಲವೇ?” ಎಂದಳು ಅಕ್ಕ.

ನಾನು ಒಂದು ಕ್ಷಣ ಸುಮ್ಮನಾದೆ. ಏಳನೆಯ ತರಗತಿಯವರೆಗೆ ಮಾತ್ರ ಓದಿದ ಅಕ್ಕ ವಿಷಯದ ಬುಡಕ್ಕೇ ಕೈ ಹಾಕಿದ್ದಳು. ನಾವು ಯಾವ ತಾಣಗಳಿಗೆ ಹೋಗುತ್ತೇವೆ ಎಂಬುದು ನಡುವಿನವನಿಗೆ ಕಾಣಿಸುತ್ತದೆ. ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡ ಒನಾವೊ ಎಂಬ ಕಂಪೆನಿಯ ಪುಕ್ಕಟೆ ವಿಪಿಎನ್, ಜನರು ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆಂಬ ಮಾಹಿತಿಯನ್ನು ಒಡೆಯನಿಗೆ ಒದಗಿಸುತ್ತಿತ್ತು. 2018ರಲ್ಲಿ ಅದು ಆ್ಯಪಲ್‌ನ ಆ್ಯಪ್ ಸ್ಟೋರ್‌ನಿಂದ ಹೊರಬಿತ್ತು. ಕಾವಲಿಗೆಂದು ಇಟ್ಟುಕೊಂಡವನೇ ಮನೆಯ ಲೆಕ್ಕ ಬರೆದುಕೊಳ್ಳುತ್ತಿದ್ದನೆನ್ನಿ.

ಬೇರೆ ದಾರಿಗಳೂ ಇವೆ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ‘ಟಾರ್’ ವ್ಯವಸ್ಥೆಯಲ್ಲಿ ಪತ್ರ ಮೂವರ ಕೈ ದಾಟುತ್ತದೆ. ಮೊದಲನೆಯವನಿಗೆ ಕಳುಹಿಸಿದವರು ಗೊತ್ತು, ಕೊನೆಯವನಿಗೆ ತಲುಪಬೇಕಾದ ತಾಣ ಗೊತ್ತು, ಎರಡೂ ಒಬ್ಬನಿಗೇ ಗೊತ್ತಿರುವುದಿಲ್ಲ. ಆದರೆ ಅದು ನಿಧಾನ. ವೀಡಿಯೊ ಕರೆಗೆ ಒದಗದು. ಇನ್ನು ಬ್ರೌಸರ್‌ನ ‘ಇನ್‌ಕಾಗ್ನಿಟೊ’ ಕಿಟಕಿ ಐಪಿ ವಿಳಾಸವನ್ನು ಮರೆಸುವುದೇ ಇಲ್ಲ. ನಮ್ಮ ಫೋನಿನಲ್ಲಿ ಗುರುತು ಉಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ವಿಳಾಸ ಮುಚ್ಚಿಟ್ಟು, ಸ್ವಂತ ಹೆಸರಿನ ಖಾತೆಗೆ ಲಾಗಿನ್ ಆದರೆ ಮುಚ್ಚಿಟ್ಟು ಫಲವೇನು?

ನನ್ನನ್ನು ಹೆಚ್ಚು ಕಾಡಿದ್ದು ಅಲ್ಲಿನ ಕಾನೂನು. ಅಪರಾಧ ಎಸಗಲು ಅಥವಾ ಅದನ್ನು ಅಡಗಿಸಲು ಐಪಿ ವಿಳಾಸವನ್ನು ಮರೆಮಾಚಿದವರಿಗೆ ಯುಎಇ 2016ರ ತಿದ್ದುಪಡಿಯಲ್ಲಿ ಜೈಲು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿತ್ತು. ವಿಪಿಎನ್ ಬಳಸುವುದೇ ಅಪರಾಧವಲ್ಲ. ಆದರೆ ತಡೆಯಿರುವ ಕರೆ ಮಾಡುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ಅಳಿಯನಿಗೂ ಅದರ ಸ್ಪಷ್ಟ ತಿಳಿವಳಿಕೆ ಇರಲಿಲ್ಲ. “ರೂಮಿನಲ್ಲಿ ಎಲ್ಲರೂ ಹಾಕಿದ್ದಾರೆ ಮಾಮ” ಎಂದ. ಎಲ್ಲರೂ ಹಾಕಿದ್ದಾರೆ ಎಂಬುದು ಯಾವ ನ್ಯಾಯಾಲಯದಲ್ಲೂ ಉತ್ತರವಾಗುವುದಿಲ್ಲ.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2022ರಲ್ಲಿ, ವಿಪಿಎನ್ ಕಂಪೆನಿಗಳು ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐಪಿಗಳ ವಿವರವನ್ನು ಐದು ವರ್ಷ ಕಾಪಿಡಬೇಕೆಂದು ಕೇಂದ್ರದ ಸೆರ್ಟ್-ಇನ್ ಸಂಸ್ಥೆ ಆದೇಶಿಸಿತು. ಕೆಲವು ವಿದೇಶಿ ಕಂಪೆನಿಗಳು ಇಲ್ಲಿನ ಸರ್ವರ್‌ಗಳನ್ನೇ ತೆಗೆದವು. ಕಳ್ಳನನ್ನು ಹಿಡಿಯಲು ವಿಳಾಸ ಬೇಕು, ನಿಜ. ಆದರೆ ಬಾಗಿಲಿಗೆ ಪರದೆ ಹಾಕಿದವರೆಲ್ಲ ಕಳ್ಳರೇ?

ಅಂದು ಮತ್ತೆ ಕರೆ ಬಂದಾಗ ಅಕ್ಕ ಮಗನಿಗೆ, “ಹಣ ಕಟ್ಟುವ ಆ್ಯಪ್‌ನಲ್ಲೇ ಮಾಡು ಮಗಾ. ವಾರಕ್ಕೊಮ್ಮೆ ಮಾಡಿದರೂ ಸಾಕು, ಕದ್ದು ಮಾತಾಡಬೇಡ” ಎಂದಳು. ಅವನು ಒಪ್ಪಿದ. ಅಂದಿನಿಂದ ಅವಳು ದಿನಾ ಕಾಯುವುದನ್ನು ಬಿಟ್ಟು ವಾರ ಎಣಿಸತೊಡಗಿದಳು. ನಾನು ಕೊಟ್ಟ ಸಲಹೆ ಸರಿಯಾಗಿತ್ತು. ಆದರೂ ತಾಯಿ ಮಗನ ಮಾತಿಗೆ ಕದಿಯುವುದೆಂಬ ಹೆಸರು ಬಂದದ್ದು ಹೇಗೆ ಎಂಬ ಪ್ರಶ್ನೆ ನನ್ನಲ್ಲಿ ಹಾಗೆಯೇ ಉಳಿದಿದೆ.