ಅನುರಣನದ ಆಯ್ಕೆ

ಹಾಡಿದ ದನಿಯು ಬಾಯಿಯಿಂದ ಹೊರಟೊಡನೆ ಮುಗಿದುಹೋಗುವುದಿಲ್ಲ. ಗೋಡೆ, ಮಾಳಿಗೆ, ಕಂಬಗಳನ್ನು ತಾಕಿ ಹಿಂದಿರುಗಿ, ಕೆಲಕಾಲ ನಿಂತು, ಮೆಲ್ಲನೆ ಅಡಗುತ್ತದೆ. ಹೀಗೆ ಉಳಿದು ನಿಲ್ಲುವ ನಾದವೇ ಅನುರಣನ. ರೆಕಾರ್ಡಿಂಗ್ ಮಾಡುವವರ ಮಾತಿನಲ್ಲಿ ರಿವರ್ಬ್. ಪ್ರತಿಧ್ವನಿ ಬೇರೆ, ಇದು ಬೇರೆ. ವಿಜಯಪುರದ ಗೋಲಗುಂಬಜಿನ ಒಳಗಣ ಸುತ್ತುಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಒಂದೊಂದಾಗಿ ಎಣಿಸುವಂತೆ ಮರಳಿ ಬರುವುದು ಪ್ರತಿಧ್ವನಿ. ಎಣಿಸಲಾಗದಷ್ಟು ಒತ್ತಾಗಿ ಬಂದು ದನಿಯ ಸುತ್ತ ಕಾಂತಿಯಂತೆ ಹಬ್ಬುವುದು ಅನುರಣನ. ಈ ಕಾಂತಿಯನ್ನು ಯಂತ್ರದಿಂದ ಪಡೆಯುವ ವಿಚಾರವನ್ನು ಕುರಿತು ಬರೆಯಲು ಪಾಠಶಾಲೆಯಲ್ಲಿ ಓದಿದ ನಿವೃತ್ತ ಉಪಾಧ್ಯಾಯನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಕಾರಣವುಂಟು.

ನನ್ನ ಅಕ್ಕನಿಗೆ ಈಗ ಎಪ್ಪತ್ತೆಂಟು ವರ್ಷ. ನಮ್ಮ ತಾಯಿಯಿಂದ ಕಲಿತ ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡುಗಳು ನಲವತ್ತರ ಮೇಲೆ ಆಕೆಯ ಕಂಠದಲ್ಲಿವೆ. ಯಾವುದೂ ಕಾಗದಕ್ಕೆ ಇಳಿದುದಲ್ಲ. ಮಾತನ್ನು ಬರೆದುಕೊಳ್ಳಬಹುದು, ಮಟ್ಟನ್ನು ಬರೆಯುವ ಬಗೆ ನನಗೆ ತಿಳಿಯದು. ಕಳೆದ ಚಳಿಗಾಲದಿಂದ ಆಕೆಗೆ ಉಸಿರು ಸಾಲದು. ಅಕ್ಕನ ಮೊಮ್ಮಗ ಒಂದು ಮೈಕನ್ನೂ ತನ್ನ ಗಣಕಯಂತ್ರವನ್ನೂ ನಮ್ಮ ಹಿಂಬದಿಯ ಕೋಣೆಯಲ್ಲಿ ತಂದಿಟ್ಟು, ಅದಕ್ಕೆ ಹೋಮ್ ಸ್ಟುಡಿಯೊ ಎಂದು ನಾಮಕರಣ ಮಾಡಿದ. ಇನ್ನು ರಿವರ್ಬ್ ಯಾವುದೆಂಬ ಪ್ರಶ್ನೆ. ಪೇಟೆಯ ಅಂಗಡಿಯವರೊಬ್ಬರು, ನನ್ನ ಒಂದು ತಿಂಗಳ ಪಿಂಚಣಿಗೂ ಮಿಕ್ಕ ಬೆಲೆಯ ಪೆಟ್ಟಿಗೆಯೊಂದನ್ನು ತೋರಿಸಿ, ಇದಿಲ್ಲದೆ ಹಾಡು ಹಾಡೇ ಅಲ್ಲವೆಂದರು. ಅಲ್ಲಿಂದ ನನ್ನ ವ್ಯಾಸಂಗ ಆರಂಭವಾಯಿತು.

ಈ ಶಾಸ್ತ್ರದ ಮೂಲಪುರುಷ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೆಸ್ ಸೇಬಿನ್. ಅಲ್ಲಿಯ ಫಾಗ್ ಕಲಾಭವನದ ಉಪನ್ಯಾಸಮಂದಿರದಲ್ಲಿ ಮಾತು ತಿಳಿಯದಷ್ಟು ನಾದ ಉಳಿಯುತ್ತಿದ್ದುದರಿಂದ, ೧೮೯೫ರಲ್ಲಿ ಅದರ ಪರಿಹಾರವನ್ನು ಈತನಿಗೆ ಒಪ್ಪಿಸಿದರು. ರಾತ್ರಿಯ ಹೊತ್ತು ನಾಟಕಶಾಲೆಯ ಪೀಠದ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ನಾದ ಅಡಗುವ ಕಾಲವನ್ನು ತನ್ನ ಕಿವಿಯಿಂದಲೇ ಅಳೆದನು. ಮೊದಲು ಐದೂವರೆ ಸೆಕೆಂಡಿನಷ್ಟಿದ್ದ ಅನುರಣನ ಮೆತ್ತೆಗಳು ಹೆಚ್ಚಿದಂತೆ ಕುಗ್ಗುತ್ತ ಬಂತು. ನಾದದ ತೀವ್ರತೆ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಇಂದಿಗೂ ಅನುರಣನದ ಅಳತೆ. ಆತನ ಸೂತ್ರದಂತೆ ಲೆಕ್ಕ ಹಾಕಿದರೆ, ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ನಮ್ಮ ಬರಿಗೋಡೆಯ ಕೋಣೆಗೆ ಎರಡು ಸೆಕೆಂಡಿಗೂ ಮಿಕ್ಕ ಅನುರಣನ ಬರುತ್ತದೆ. ಅದೂ ಸೊಗಸಾದುದಲ್ಲ, ಡಬ್ಬದೊಳಗಿನ ಮಾತಿನಂತಹುದು. ಆದುದರಿಂದ ಮೊದಲು ಕೊಳ್ಳಬೇಕಾದುದು ಅನುರಣನವನ್ನಲ್ಲ. ಇರುವುದನ್ನು ಹೀರುವ ಸಾಧನವನ್ನು. ಎರಡು ಹತ್ತಿಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ನೆಲಕ್ಕೆ ಜಮಖಾನ ಹಾಸಿದೆವು. ಹತ್ತಿ ಮಂದ್ರವನ್ನು ಅಷ್ಟಾಗಿ ಹೀರದು. ಹೆಂಗಸಿನ ಕಂಠಕ್ಕೆ ಅದು ದೊಡ್ಡ ಕೊರತೆಯಲ್ಲ.

ಯಂತ್ರಗಳ ವಂಶಾವಳಿ ದೀರ್ಘವಾದುದು. ೧೯೫೭ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆಯವರು ಎರಡು ಮೀಟರು ಉದ್ದ, ಒಂದು ಮೀಟರು ಅಗಲದ ಉಕ್ಕಿನ ತಗಡನ್ನು ತೂಗುಹಾಕಿ, ದನಿಯಿಂದ ಅದನ್ನು ನಡುಗಿಸಿ ಅನುರಣನವನ್ನು ಪಡೆದರು. ಈಗ ಅದೆಲ್ಲವೂ ಗಣಕಯಂತ್ರದೊಳಗೆ ಬರಿಯ ಲೆಕ್ಕ. ಆದರೂ ಹಾಲ್, ರೂಮ್, ಪ್ಲೇಟ್, ಸ್ಪ್ರಿಂಗ್ ಎಂಬ ಹೆಸರುಗಳು ಉಳಿದಿವೆ. ತಗಡಿಲ್ಲದ ತಗಡು! ವೈಯಾಕರಣರು ರೂಢಿಶಬ್ದವೆನ್ನುವುದು ಇಂತಹುದನ್ನೇ. ಆಡಾಸಿಟಿ ಎಂಬ, ಬೆಲೆಯಿಲ್ಲದೆ ದೊರಕುವ ತಂತ್ರಾಂಶದಲ್ಲಿಯೂ ಒಂದು ರಿವರ್ಬ್ ಇದೆ. ಅಂಗಡಿಯವರ ಪೆಟ್ಟಿಗೆ ಬೇಡವೆಂದು ಅಲ್ಲಿಗೆ ತೀರ್ಮಾನವಾಯಿತು.

ಇನ್ನು ಎಷ್ಟು ಹಾಕಬೇಕು, ಎಂತಹುದನ್ನು ಹಾಕಬೇಕು? ತರ್ಕಸಂಗ್ರಹದಲ್ಲಿ ಅನ್ನಂಭಟ್ಟರು ಶಬ್ದವು ಎರಡು ಬಗೆಯೆನ್ನುತ್ತಾರೆ: ಭೇರಿಯೇ ಮೊದಲಾದವುಗಳಲ್ಲಿ ಧ್ವನಿರೂಪ, ಭಾಷೆಯಲ್ಲಿ ವರ್ಣರೂಪ. ಹಾಡಿನಲ್ಲಿ ಎರಡೂ ಕೂಡಿವೆ. ಅನುರಣನ ಧ್ವನಿಯನ್ನು ಪೋಷಿಸುತ್ತದೆ, ವರ್ಣವನ್ನು ನುಂಗುತ್ತದೆ. ಕನ್ನಡಕ್ಕೆ ಇದು ವಿಶೇಷ ಗಂಡಾಂತರ. ನಮ್ಮ ಕೆಲವು ದ್ವಿತ್ವಾಕ್ಷರಗಳನ್ನು ಆಡುವಾಗ ನಾಲಗೆ ಕ್ಷಣಕಾಲ ತಡೆದು ನಿಲ್ಲುತ್ತದೆ. ಆ ತಡೆಯೊಳಗಿನ ಮೌನವೇ ಅಕ್ಷರದ ಪ್ರಾಣ. ಅನುರಣನ ಹೆಚ್ಚಾದರೆ ಹಿಂದಿನ ಸ್ವರದ ಶೇಷವು ಹರಿದು ಬಂದು ಆ ಮೌನವನ್ನು ತುಂಬುತ್ತದೆ. ಆಗ ಕತ್ತೆಯು ಕತೆಯಾಗುತ್ತದೆ. ಹುಡುಗನು ಮೆಚ್ಚಿ ತೋರಿಸಿದ ಹಾಲ್ ಎಂಬುದರಲ್ಲಿ ಮೂರು ಸೆಕೆಂಡಿನ ಅನುರಣನವಿತ್ತು. ಕೇಳಲು ದೇವಲೋಕದಂತಿತ್ತು, ಮಾತು ಮಾತ್ರ ಮರ್ತ್ಯರಿಗೆ ತಿಳಿಯುವಂತಿರಲಿಲ್ಲ.

ನಮ್ಮ ಹಳೆಯ ಮನೆ ತೊಟ್ಟಿಯ ಮನೆ. ಅದನ್ನು ಕೆಡವಿ ಬಹುಕಾಲವಾಯಿತು. ಇದ್ದಿದ್ದರೆ ಅಲ್ಲಿ ಒಂದು ಬಲೂನನ್ನು ಒಡೆದು, ಆ ಸದ್ದು ಅಡಗುವ ರೀತಿಯನ್ನು ಸೆರೆಹಿಡಿದು, ಅದನ್ನೇ ಹಾಡಿಗೆ ತೊಡಿಸಬಹುದಾಗಿತ್ತೆಂದು ಹುಡುಗ ಹೇಳಿದ. ಈ ವಿದ್ಯೆಯೂ ಈಗ ಉಂಟಂತೆ! ಮನೆಯಿಲ್ಲದುದರಿಂದ ನೆನಪನ್ನೇ ಪ್ರಮಾಣವಾಗಿಟ್ಟುಕೊಂಡೆವು. ತೊಟ್ಟಿಯ ಮೇಲೆ ಆಕಾಶ ತೆರೆದಿತ್ತು. ನಾದದ ಒಂದು ಪಾಲು ಮೇಲಕ್ಕೆ ಹೊರಟುಹೋಗಿ, ಉಳಿದುದು ಹಜಾರದ ಕಂಬಗಳ ನಡುವೆ ಸ್ವಲ್ಪ ಹೊತ್ತು ಸುಳಿದಾಡುತ್ತಿತ್ತು. ಆದ್ದರಿಂದ ಸೆಕೆಂಡಿಗಿಂತ ತುಸು ಹೆಚ್ಚಿನ ರೂಮ್ ಜಾತಿಯದನ್ನು ಆರಿಸಿದೆವು. ದನಿಗೂ ಅನುರಣನದ ಮೊದಲಿಗೂ ನಡುವೆ ಸೆಕೆಂಡಿನ ಸಾವಿರದಲ್ಲಿ ಮೂವತ್ತು ಪಾಲು ಅಂತರ ಕೊಟ್ಟರೆ ಅಕ್ಷರವು ಸ್ವಚ್ಛವಾಗಿ ಮುಂದೆ ನಡೆದುಬಿಡುತ್ತದೆ. ನಾದ ಹಿಂದಿನಿಂದ ಬರುತ್ತದೆ. ಇದಕ್ಕೆ ಪ್ರೀಡಿಲೇ ಎಂದು ಹೆಸರು. ಕೊಳ್ಳುವವರು ಯಾವ ಯಂತ್ರವನ್ನು ಕೊಂಡರೂ ಈ ತಿರುಗಣೆ ಇದೆಯೆ ಎಂದು ಮೊದಲು ನೋಡಲಿ.

ಆದರೆ ಇದೆಲ್ಲವೂ ಆಮೇಲಿನ ಅಲಂಕಾರ. ಮೂಲಪ್ರತಿಯಲ್ಲಿ ಅನುರಣನ ಸೇರಕೂಡದೆಂದು ನಾನು ಹಟ ಹಿಡಿದೆ. ಹಾಲಿಗೆ ಯಾವಾಗ ಬೇಕಾದರೂ ಹೆಪ್ಪು ಹಾಕಬಹುದು, ಮೊಸರಿನಿಂದ ಹಾಲನ್ನು ಮರಳಿ ಪಡೆಯಲಾಗದು. ಸೇರಿದ ಅನುರಣನವನ್ನು ತಗ್ಗಿಸುವ ಸಾಧನಗಳು ಬಂದಿವೆ. ಪೂರ್ತಿಯಾಗಿ ತೆಗೆಯುವುದು ಅವುಗಳಿಂದಾಗದು.

ಹೀಗೆ ಒಣದನಿಯಲ್ಲಿಯೇ ಮೊದಲ ದಿನ ಹಾಡಿಸಿ ಕೇಳಿಸಿದಾಗ ಅಕ್ಕ ಹೆಡ್‌ಫೋನನ್ನು ತೆಗೆದಿಟ್ಟು, “ಇದೇನೋ, ನನ್ನ ದನಿ ಒಣಗಿದ ಕೊಬ್ಬರಿಯ ಹಾಗಿದೆ. ಯಾರಿಗೆ ಬೇಕೋ ಇದು? ನಿಲ್ಲಿಸಿಬಿಡು” ಎಂದಳು. ಎರಡು ದಿನ ಕೋಣೆಯ ಕಡೆಗೇ ಬರಲಿಲ್ಲ. ಮೂರನೆಯ ದಿನ ಹುಡುಗನು ಉಪಾಯವೊಂದನ್ನು ಮಾಡಿದ: ಅನುರಣನವು ಅಕ್ಕನ ಕಿವಿಗೆ ಮಾತ್ರ ಹೋಗುವಂತೆ, ಮೂಲಪ್ರತಿಗೆ ಒಣದನಿಯೇ ಸೇರುವಂತೆ ಬೇರೆ ಬೇರೆ ದಾರಿ ಮಾಡಿಕೊಟ್ಟ. ಅಕ್ಕ ಒಂದು ಸಾಲು ಹಾಡಿದಳು, ನಿಂತಳು, ಮತ್ತೆ ಅರ್ಧ ಮನೆ ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡಳು. ಉಸಿರು ಸಾಲದ ಕಡೆಯಲ್ಲಿ ನಾದವು ತಾನೇ ತುಸು ನಿಂತು ಆಕೆಗೆ ಆಸರೆ ಕೊಡುತ್ತಿತ್ತು. ಮುಂದಿನ ಮಾತಿಗೆ ಆತುರಪಡುವುದು ತಪ್ಪಿತು. ಕೇಳುವವರ ಕಿವಿಗಾಗಿ ನಾವು ತಿಂಗಳುಗಟ್ಟಲೆ ಅರಸಿದ ವಸ್ತು ಹಾಡುವವಳಿಗೆ ಮೊದಲು ಬೇಕಾಗಿತ್ತು.

ಇದುವರೆಗೆ ಮೂವತ್ತೊಂದು ಹಾಡುಗಳಾಗಿವೆ. ನೆನಪಿಗೆ ಹೊಸದಾಗಿ ಬಂದ ಹಸೆಯ ಹಾಡೊಂದರಲ್ಲಿ ನಾಲ್ಕನೆಯ ನುಡಿ ಅಕ್ಕನಿಗೆ ಮರೆತಿದೆ. ಬೆಳಗಿನ ಹೊತ್ತು ಬರಬಹುದೆನ್ನುತ್ತಾಳೆ. ಮೈಕನ್ನು ಎತ್ತಿಡದೆ ಹಾಗೆಯೇ ಬಿಟ್ಟಿದ್ದೇವೆ.